ಮೂರನೆಯ ಕೋಟು

ಎರ್ಮೊಸಿಯೊದಲ್ಲಿ ಜೂನ್ ತಿಂಗಳ ಸೂರ್ಯ
ಹುಟ್ಟುವಾಗಲೇ ದೊಡ್ಡವನು.
ಅದಕ್ಕೇ ನಾವು ನಾಲ್ಕಕ್ಕೇ ಏಣಿ ಹತ್ತುತ್ತೇವೆ,
ಹಣೆಗೊಂದು ದೀಪ ಕಟ್ಟಿಕೊಂಡು:
ನಾನು, ಕುಂಟ ಎವರಾರ್ದೊ, ಅವನ ಅಳಿಯ,
ಇನ್ನೂ ಮೀಸೆ ಮೂಡದ ಒಬ್ಬ ಹುಡುಗ.

ಕೆಳಗೆ ಪಾರ್ಸೆಲ್ ಗೋದಾಮು.
ಮೇಲೆ ಎರಡೂವರೆ ಎಕರೆ ಡಾಂಬರು ತಾರಸಿ,
ನಿನ್ನೆಯ ಬಿಸಿಲನ್ನು ಹೊಟ್ಟೆಯಲ್ಲಿಟ್ಟುಕೊಂಡು
ಬೆಳಗಿನ ಜಾವಕ್ಕೂ ಬೆಚ್ಚಗೆ ಉಸಿರಾಡುತ್ತದೆ.
ಮೊದಲು ಗುಡಿಸಬೇಕು. ಮರುಭೂಮಿ ಕಳಿಸಿದ ಧೂಳು,
ಪಾರಿವಾಳದ ಹಿಕ್ಕೆ, ಯಾರದೋ ಒಂಟಿ ಕೈಗವಸು.
ಆಮೇಲೆ ತೊಳೆಯಬೇಕು, ಬಿರುಕಿಗೆ ಬಟ್ಟೆ ಒತ್ತಿ ಮೆತ್ತಬೇಕು,
ಆಮೇಲೆ ಬಿಳಿ.

ಬೆಕ್ಕು ಕಂಡರೆ ಹಾಲೆಂದು ನಾಲಗೆ ಚಾಚೀತು;
ಡಬ್ಬದಿಂದ ಗಟ್ಟಿ ಮೊಸರಿನ ಹಾಗೆ ಮುದ್ದೆಯಾಗಿ ಬಿದ್ದು
ರೋಲರಿನ ಕೆಳಗೆ ಪಚಪಚ ಹರಡಿಕೊಳ್ಳುತ್ತದೆ,
ಒಣಗಿದರೆ ರಬ್ಬರು.
ಬಿಸಿಲು ಬಂದರೆ ಒಳಗೆ ಕರೆಯುವುದಿಲ್ಲ,
ಹೊಸ್ತಿಲಲ್ಲೇ ಮಾತಾಡಿಸಿ ಬಂದ ದಾರಿಗೇ ಕಳಿಸಿಬಿಡುತ್ತದೆ,
ಸಾಲ ಕೇಳಲು ಬಂದ ನೆಂಟನನ್ನು ನನ್ನವ್ವ ಕಳಿಸುತ್ತಿದ್ದ ಹಾಗೆ.

ಎಂಟಕ್ಕೆ ಕಪ್ಪು ಕನ್ನಡಕ. ಒಂಬತ್ತಕ್ಕೆ
ಅದರೊಳಗೂ ಕಣ್ಣು ಉರಿ.
ಬಳಿದಷ್ಟೂ ಬೆಳಕು ಜಾಸ್ತಿ;
ಮೇಲಿಂದೊಬ್ಬ ಸೂರ್ಯ, ಕೆಳಗಿಂದೊಬ್ಬ.
ಗಲ್ಲದ ಅಡಿ, ಮೂಗಿನ ಹೊಳ್ಳೆ,
ಟೋಪಿಗೆ ಗೊತ್ತೇ ಇಲ್ಲದ ಜಾಗಗಳೆಲ್ಲ ಸುಡುತ್ತವೆ.
ಕಟ್ಟಡಕ್ಕೆ ಬೇಡವಾದ ಬಿಸಿಲು
ವಾಪಸು ಹೋಗುವಾಗ ನಮ್ಮನ್ನು ಹಾದೇ ಹೋಗಬೇಕಲ್ಲ.

ಓಬ್ದೂಲಿಯಾ ಕೆಳಗಿದ್ದಾಳೆ.
ಒಂಬತ್ತು ವರ್ಷದಿಂದ ಪೆಟ್ಟಿಗೆಗಳಿಗೆ ಟೇಪು ಹಚ್ಚುತ್ತಾಳೆ,
ಹದಿನೇಳನೆಯ ಮೇಜು.
ಹೋದ ಆಗಸ್ಟಿನಲ್ಲಿ ಅಲ್ಲೇ ಕುಸಿದು ಬಿದ್ದಿದ್ದಳು;
ನೀರು ಚಿಮುಕಿಸಿ ಕೂರಿಸಿದರಂತೆ,
ಅರ್ಧ ದಿನದ ಕೂಲಿ ಮುರಿದುಕೊಂಡರಂತೆ.
ಅವಳು ಇದನ್ನು ಹೇಳಿದ್ದು ಡಿಸೆಂಬರಿನಲ್ಲಿ,
ಗೋಧಿ ಟೊರ್ತಿಯಾ ಕೈಯಲ್ಲೇ ಅಗಲಿಸುತ್ತ,
ಬೇರೆ ಯಾರದೋ ಸುದ್ದಿ ಎಂಬಂತೆ.

ಹೆಜ್ಜೆ ಎಣಿಸಿದೆ.
ಉತ್ತರದ ಗೋಡೆಯಿಂದ ಅರವತ್ತೆರಡು,
ಮೂರನೆಯ ಗಾಳಿಗಿಂಡಿಯಿಂದ ಎಡಕ್ಕೆ ಹನ್ನೊಂದು.
ಇಲ್ಲೇ, ಇದರ ನೇರ ಕೆಳಗೆ, ಅವಳ ಬೈತಲೆ.
ಕರಾರಿನಲ್ಲಿರುವುದು ಎರಡು ಕೋಟು.
ಒಂದು ಮಂಚದಗಲ ಜಾಗಕ್ಕೆ ನಾನು ಮೂರು ಬಳಿದೆ,
ಹುಡುಗ ನೀರು ಕುಡಿಯಲು ಹೋದಾಗ.

ಇಂಜಿನಿಯರ್ ಬಾಲ್ದೇರಮಾ ಗುರುವಾರ ಬಂದ,
ಬೂಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು.
ಮಾಪಕ ಊರಿ ದಪ್ಪ ನೋಡುತ್ತ ನೋಡುತ್ತ
ಅಲ್ಲಿಯೇ ಊರಬೇಕೆ?
“ಇಲ್ಲಿ ಯಾಕಯ್ಯ ಇಷ್ಟು?”
“ಸೋರುತ್ತಿತ್ತು ಸಾರ್.”
“ಮಳೆ ಬಂದೇ ಒಂಬತ್ತು ತಿಂಗಳಾಯಿತು.”
ನಾನು ಸುಮ್ಮನಿದ್ದೆ. ಅವನೂ, ಒಂದು ಗಳಿಗೆ.
ಆಮೇಲೆ ಮೇಷ್ಟರ ಹಾಗೆ ಹೇಳಿದ:
ಎರಡರ ಮೇಲೆ ಬಳಿದರೆ ಹೆಚ್ಚೇನೂ ತಂಪಾಗುವುದಿಲ್ಲ,
ಬಿಸಿಲಿಗೆ ಕಾಣುವುದು ಬಣ್ಣ, ದಪ್ಪ ಕಟ್ಟಿಕೊಂಡು ಅದಕ್ಕೇನು.
ಒಂದು ಡಬ್ಬದ ದುಡ್ಡು ನನ್ನ ಲೆಕ್ಕಕ್ಕೆ ಬರೆದುಕೊಂಡ.

ಶನಿವಾರ ರಾತ್ರಿ, ನಮ್ಮ ತಗಡು ಮನೆಯ ಹಿತ್ತಿಲಲ್ಲಿ
(ಒಳಗೆ ಮಲಗಲು ಇನ್ನೂ ಹೊತ್ತಿದೆ, ತಗಡು ಆರಬೇಕು)
ಕಾಲು ಚಾಚಿ ಓಬ್ದೂಲಿಯಾ ಅಂದಳು:
“ಈ ವಾರ ಒಳಗೆ ಪರವಾಗಿಲ್ಲ.
ಮಧ್ಯಾಹ್ನ ಮೂರಕ್ಕೂ ಟೇಪಿನ ಅಂಟು ಕರಗಲಿಲ್ಲ.”
ನಿನ್ನ ಮೇಜಿನ ಹತ್ತಿರ? ಎಂದೆ.
“ಎಲ್ಲ ಕಡೆ ಒಂದೇ. ನನಗೊಬ್ಬಳಿಗೇ
ಬೇರೆ ಮಾಡು ಹೊದೆಸಿದ್ದೀಯಾ?”

ನಾನೇನೂ ಹೇಳಲಿಲ್ಲ.
ನನ್ನ ಕೈ ಎಳೆದುಕೊಂಡು ಮೊಣಕೈ ಹತ್ತಿರ
ಒಣಗಿ ಹತ್ತಿದ ಬಿಳಿಯನ್ನು ಉಗುರಿನಿಂದ ಎಬ್ಬಿಸಿದಳು.
ಕೂದಲ ಸಮೇತ ಒಂದೇ ಪರೆಯಾಗಿ ಬಂತು.
ದೀಪಕ್ಕೆ ಹಿಡಿದು, ತಿರುಗಿಸಿ ನೋಡಿ,
“ಒಲೆಯ ಮೇಲಿನ ತೂತಿಗೆ
ಇಷ್ಟೇ ಸಾಕಿತ್ತು,” ಅಂದಳು.